ಎಸ್ಪ್ಲನೇಡಿನ ಬಯಲೂ ಪಾರ್ವತೀಪುರದ ಹಳಿಯೂ

ಎಸ್ಪ್ಲನೇಡ್ ಎಂಬ ಮಾತಿಗೆ ಕೋಟೆಗೂ ಪೇಟೆಗೂ ನಡುವೆ ಬರಿದಾಗಿ ಬಿಟ್ಟ ಬಯಲು ಎಂದರ್ಥ. 1757ರ ತರುವಾಯ ಇಂಗ್ಲಿಷರು ಕಲಕತ್ತೆಯಲ್ಲಿ ಹೊಸ ಫೋರ್ಟ್ ವಿಲಿಯಂ ಕೋಟೆಯನ್ನು ಕಟ್ಟತೊಡಗಿದಾಗ, ಫಿರಂಗಿಯ ಗುರಿಗೆ ಅಡ್ಡಿಯಾಗದಿರಲೆಂದು ಸುತ್ತಲ ಕಾಡನ್ನು ಕಡಿಸಿ ಮೈದಾನವನ್ನು ತೆರವುಗೊಳಿಸಿದರು. ಆ ಕೋಟೆಗೆ ಯಾರೂ ಮುತ್ತಿಗೆ ಹಾಕಲಿಲ್ಲ. ಶತ್ರುಭಯವು ನಿಜವಾಗಿ ಬಂದದ್ದು 1942ರಲ್ಲಿ, ಬಂದದ್ದೂ ಆಕಾಶಮಾರ್ಗವಾಗಿ. ಮಾರ್ಚಿಯಲ್ಲಿ ರಂಗೂನು ಬಿದ್ದಿತು. ಡಿಸೆಂಬರ್ 20ರ ರಾತ್ರಿ ಜಪಾನೀ ವಿಮಾನಗಳು ಕಲಕತ್ತೆಯ ಮೇಲೆ ಮೊದಲ ಬಾಂಬುಗಳನ್ನು ಎಸೆದವು. ಮೈದಾನದ ರೆಡ್ ರೋಡ್ ಆಗ ಹರಿಕೇನ್ ವಿಮಾನಗಳ ಓಟದ ಹಾದಿಯಾಯಿತು. ಎಸ್ಪ್ಲನೇಡಿನಲ್ಲಿ ಟ್ರಾಮಿನಿಂದ ಇಳಿಯುವ ನಮ್ಮವರಲ್ಲಿ ಇದನ್ನು ಕೇಳಿ ಬಲ್ಲವರು ಹಲವರುಂಟು. ಆದರೆ ಬಂಗಾಳದ ರಕ್ಷಣೆಯು ನಿಂತದ್ದು ಈ ಬಯಲಿನ ಮೇಲಲ್ಲ, ನಗರದಿಂದ ಉತ್ತರಕ್ಕೆ ಹೊರಟ ಒಂದು ರೈಲುದಾರಿಯ ಮೇಲೆ. ಆ ರಕ್ಷಣೆಯ ಲೆಕ್ಕದಲ್ಲಿ ಜನರ ಅನ್ನಕ್ಕೆ ಎಷ್ಟನೆಯ ಸ್ಥಾನ ದೊರೆಯಿತೆಂಬುದು ಇಲ್ಲಿ ವಿಚಾರಣೀಯ.

ಈ ದಾರಿ ಸಿಯಾಲ್ದಾದಿಂದ ಹೊರಟು, ಪದ್ಮಾನದಿಯನ್ನು ಹಾರ್ಡಿಂಜ್ ಸೇತುವೆಯಿಂದ ದಾಟಿ, ಇಂದು ಬಾಂಗ್ಲಾದೇಶದಲ್ಲಿರುವ ಪಾರ್ವತೀಪುರವನ್ನು ಸೇರುತ್ತಿತ್ತು. ಅಲ್ಲಿಯವರೆಗೆ ಬ್ರಾಡ್‌ಗೇಜ್, ಅಸ್ಸಾಮಿಗೆ ಹೋಗಲು ಅಲ್ಲಿಂದ ಮುಂದೆ ಮೀಟರ್‌ಗೇಜ್. ಮದರಾಸಿನ ಅಗಲ ಹಳಿ ಬೆಂಗಳೂರಿನಲ್ಲಿ ಮುಗಿದು ಮೈಸೂರು, ಹರಿಹರಗಳ ಕಿರಿದು ಹಳಿ ತೊಡಗುತ್ತಿದ್ದ ಕಾಲವನ್ನು ನೆನೆದರೆ ಕನ್ನಡಿಗರಿಗೆ ಇದರ ಕಷ್ಟ ತಿಳಿಯದಿರದು. ಒಂದು ಬಂಡಿಯ ಸರಕನ್ನೆಲ್ಲ ಕೂಲಿಗಳು ಇಳಿಸಿ ಇನ್ನೊಂದು ಬಂಡಿಗೆ ಏರಿಸಬೇಕು. ಮುಂದೆ ಅಮೀನ್‌ಗಾಂವ್‌ನಲ್ಲಿ ಬ್ರಹ್ಮಪುತ್ರಾ ಎದುರಾಗುತ್ತಿತ್ತು. ಅಲ್ಲಿ ಸೇತುವೆಯಾದದ್ದು 1962ರಲ್ಲಿ. ಯುದ್ಧಕಾಲದಲ್ಲಿ ಪಾಂಡುವಿಗೆ ದಾಟಿಸುವುದೆಲ್ಲ ಹಡಗಿನಿಂದಲೇ. ಆಚೆಗೆ ಲುಮ್ಡಿಂಗ್, ದಿಮಾಪುರ, ತಿನ್‌ಸುಕಿಯಾ, ಕೊನೆಗೆ ಲೇಡೊ.

ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಒಕ್ಕೂಟಕ್ಕೆ ಸೇರಿದ್ದ ಉತ್ತರ ಕೆರೊಲಿನಾದ ಕಥೆಯೂ ಇಂಥದೇ. ಲೀ ಸೇನಾಪತಿಯ ಸೈನ್ಯಕ್ಕೆ ವಿಲ್ಮಿಂಗ್ಟನ್ ರೇವಿನಿಂದ ಸಾಮಗ್ರಿ ಹೋಗುತ್ತಿದ್ದುದು ರೈಲಿನಲ್ಲಿ; ಷಾರ್ಲಟ್ ಪಟ್ಟಣದಲ್ಲಿ ಹಳಿಯ ಅಗಲ ಬದಲಾಗಿ ದಕ್ಷಿಣದ ಸರಕು ಬಂಡಿ ಬದಲಿಸುತ್ತಿತ್ತು. 1865ರ ಜನವರಿಯಲ್ಲಿ ರೇವನ್ನು ಕಾಯುತ್ತಿದ್ದ ಫಿಶರ್ ಕೋಟೆ ಬಿದ್ದಿತು. ಏಪ್ರಿಲಿನಲ್ಲಿ ಲೀ ಶರಣಾದನು.

ಅಸ್ಸಾಮಿನ ಹಳಿ ಚಹಾತೋಟಗಳಿಗೆಂದು ಹಾಕಿದುದು. ಶಾಂತಿಕಾಲದಲ್ಲಿ ಅದು ದಿನಕ್ಕೆ ಹೊರುತ್ತಿದ್ದುದು ಸುಮಾರು 600 ಟನ್ನು. ಬರ್ಮಾ ಗಡಿಯ ಸೈನ್ಯವನ್ನೂ ಚೀನಕ್ಕೆ ಹಾರುವ ವಿಮಾನಗಳನ್ನೂ ಪೋಷಿಸುವ ಹೊರೆ ಅದರ ಮೇಲೆಯೇ ಬಿತ್ತು. 1944ರ ಮಾರ್ಚಿಯಲ್ಲಿ ಅಮೆರಿಕನ್ ಸೈನ್ಯದ ರೈಲ್ವೆ ದಳವು 804 ಮೈಲಿ ಹಳಿಯ ಆಡಳಿತವನ್ನು ವಹಿಸಿಕೊಂಡಿತು. ಆ ವರ್ಷದ ಅಕ್ಟೋಬರಿಗೆ ದಿನದ ಸಾಗಣೆ 4,400 ಟನ್ನಿಗೆ ಏರಿತು. ಕೊಹಿಮಾಕ್ಕೆ ಮುತ್ತಿಗೆ ಹಾಕಿದ ಜಪಾನೀಯರು ಅಲ್ಲಿಂದ 46 ಮೈಲಿ ಕೆಳಗಿನ ದಿಮಾಪುರವನ್ನು ಹಿಡಿದಿದ್ದರೆ ಈ ಶ್ರಮವೆಲ್ಲ ವ್ಯರ್ಥವಾಗುತ್ತಿತ್ತು. ಸೈನ್ಯದ ಉಗ್ರಾಣವೇ ಅಲ್ಲಿತ್ತು. ಅವರು ಅಲ್ಲಿಗೆ ಇಳಿಯಲಿಲ್ಲ.

ಇಷ್ಟನ್ನು ಯುದ್ಧದ ಇತಿಹಾಸಕಾರರು ಮೆಚ್ಚಿ ಬರೆದಿದ್ದಾರೆ, ಮೆಚ್ಚತಕ್ಕದ್ದೇ. ಆದರೆ ಅದೇ ರಕ್ಷಣೆಯ ಹೆಸರಿನಲ್ಲಿ 1942ರಲ್ಲಿ ಬಂಗಾಳದ ಕರಾವಳಿ ಜಿಲ್ಲೆಗಳಿಂದ ಅಕ್ಕಿಯನ್ನು ತೆಗೆಸಿದರು. ಶತ್ರುವಿಗೆ ದೊರೆಯಬಾರದೆಂದು ಹತ್ತು ಜನರನ್ನು ಹೊರಬಲ್ಲ ದೋಣಿಗಳನ್ನು ವಶಪಡಿಸಿದರು, ಸುಟ್ಟರು, ಮುಳುಗಿಸಿದರು. ನದಿಗಳ ನಾಡಿನಲ್ಲಿ ದೋಣಿಯೇ ಬಂಡಿ. ಅದು ಹೋದ ಮೇಲೆ ಉಳಿದುದು ರೈಲು, ಆ ರೈಲಿನಲ್ಲಿ ಮೊದಲ ಪಾಲು ಸೈನ್ಯದ್ದು. ರೈಲ್ವೆ ರಸೀದಿಯ ಮೇಲೆ ಸಾಲ ಕೊಟ್ಟು ಬಲ್ಲ ಬ್ಯಾಂಕಿನವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ: ಸರಕು ಇದೆಯೆಂಬುದು ಒಂದು ಮಾತು, ಅದಕ್ಕೆ ವ್ಯಾಗನ್ನು ದೊರೆಯಿತೆಂಬುದು ಇನ್ನೊಂದು. ಬಂಗಾಳ ಚೇಂಬರ್ ಆಫ್ ಕಾಮರ್ಸ್ 1942ರ ಆಗಸ್ಟಿನಲ್ಲಿ ಕಲಕತ್ತೆಯ ಕಾರ್ಖಾನೆಗಳ ಕೆಲಸಗಾರರಿಗೆ ಧಾನ್ಯ ಒದಗಿಸುವ ಯೋಜನೆ ಮಾಡಿತು. ಹಳ್ಳಿಗಳಿಗೆ ಅಂಥ ಯೋಜನೆ ಇರಲಿಲ್ಲ. ಅಕ್ಟೋಬರಿನಲ್ಲಿ ಮೇದಿನೀಪುರಕ್ಕೆ ಚಂಡಮಾರುತ ಬಡಿಯಿತು. 1943ರ ಜುಲೈಯಲ್ಲಿ ದಾಮೋದರ ನದಿ ಒಡ್ಡು ಒಡೆದು ಪಶ್ಚಿಮದಿಂದ ಬರುವ ಮುಖ್ಯ ಹಳಿಯನ್ನೇ ಕತ್ತರಿಸಿತು. ದೋಷವೆಲ್ಲ ಮನುಷ್ಯರದೇ ಎನ್ನಲಾಗದು.

ಆ ವರ್ಷದ ಆಗಸ್ಟ್ 22ರಂದು ಎಸ್ಪ್ಲನೇಡಿಗೆ ಹೊಂದಿಕೊಂಡ ಚೌರಂಗಿ ಚೌಕದ ಸ್ಟೇಟ್ಸ್‌ಮನ್ ಪತ್ರಿಕೆ ಹಸಿದವರ ಚಿತ್ರಗಳನ್ನು ಅಚ್ಚುಮಾಡಿತು. ಸಂಪಾದಕ ಇಯಾನ್ ಸ್ಟೀಫನ್ಸ್ ಅದಕ್ಕಾಗಿ ದೂರ ಹೋಗಬೇಕಿರಲಿಲ್ಲ. ಹಳ್ಳಿಗಳಿಂದ ಬಂದವರು ನಗರದ ಪಾದಚಾರಿ ದಾರಿಗಳಲ್ಲೇ ಸಾಯುತ್ತಿದ್ದರು.

ಅಕ್ಟೋಬರಿನಲ್ಲಿ ವೈಸರಾಯ್ ಆಗಿ ಬಂದ ವೇವೆಲ್ ಸ್ವತಃ ಸೇನಾಪತಿ. ತಿಂಗಳು ಮುಗಿಯುವುದರೊಳಗೆ ಅವರು ಕಲಕತ್ತೆಗೆ ಬಂದು ನೋಡಿ, ಧಾನ್ಯ ಹಂಚುವ ಕೆಲಸಕ್ಕೆ ಸೈನ್ಯವನ್ನೇ ಹಚ್ಚಿದರು. ಸೈನ್ಯದ ಲಾರಿಗಳಲ್ಲಿ ಅಕ್ಕಿ ಜಿಲ್ಲೆಗಳಿಗೆ ಹೊರಟಿತು. ಯುದ್ಧವೇನೂ ಆಗ ನಿಂತಿರಲಿಲ್ಲ. ಇಂಫಾಲ, ಕೊಹಿಮಾಗಳ ಕಾಳಗ ಇನ್ನೂ ಮುಂದಿತ್ತು. ಆದುದರಿಂದ ಸಾಗಣೆಗೆ ಶಕ್ತಿಯೇ ಇರಲಿಲ್ಲವೆಂಬ ವಾದವನ್ನು ಒಪ್ಪುವುದು ನಮಗೆ ಕಷ್ಟ. ಕ್ಷಾಮ ವಿಚಾರಣಾ ಆಯೋಗವು 1945ರಲ್ಲಿ ಸತ್ತವರನ್ನು 15 ಲಕ್ಷವೆಂದು ಎಣಿಸಿತು. ಅನಂತರದ ಸಂಶೋಧಕರಲ್ಲಿ ಹಲವರು ಅದನ್ನು 30 ಲಕ್ಷದ ಸಮೀಪಕ್ಕೆ ಒಯ್ಯುತ್ತಾರೆ.