ಸ್ಲೈಕಾಟ್

ಸ್ಲೈಕಾಟ್ ಎಂಬುದು ನಿಯಂತ್ರಣ ಸಿದ್ಧಾಂತದ ಲೆಕ್ಕಾಚಾರಗಳಿಗಾಗಿ ಫೋರ್‌ಟ್ರಾನ್ 77 ಭಾಷೆಯಲ್ಲಿ ಬರೆದ ಸಬ್‌ರುಟೀನ್‌ಗಳ ಸಂಗ್ರಹ. 'ಸಬ್‌ರುಟೀನ್ ಲೈಬ್ರರಿ ಇನ್ ಕಂಟ್ರೋಲ್ ಥಿಯರಿ' ಎಂಬುದರ ಸಂಕ್ಷಿಪ್ತ ರೂಪವಿದು. ವಿಮಾನ, ರೋಬಾಟ್, ರಾಸಾಯನಿಕ ಸ್ಥಾವರ ಮುಂತಾದವುಗಳ ನಿಯಂತ್ರಕ ವಿನ್ಯಾಸದಲ್ಲಿ ಎದುರಾಗುವ ಮಾತೃಕೆಗಳ ಸಮೀಕರಣಗಳನ್ನು ನಂಬಿಕೆಗೆ ಅರ್ಹವಾಗುವಂತೆ ಬಿಡಿಸುವುದು ಇದರ ಗುರಿ.

ಹಿನ್ನೆಲೆ

1960ರ ಸುಮಾರಿಗೆ ರುಡಾಲ್ಫ್ ಕಾಲ್ಮನ್ ನಿಯಂತ್ರಣ ಸಿದ್ಧಾಂತವನ್ನು ಮಾತೃಕೆಗಳ ನೆಲೆಯ ಮೇಲೆ ನಿಲ್ಲಿಸಿದರು. ಆದರೆ ಕಾಗದದ ಮೇಲೆ ಸರಿಯಾದ ಸೂತ್ರ ಗಣಕದಲ್ಲಿ ದಾರಿ ತಪ್ಪಿಸಬಹುದು. ಒಂದು ವ್ಯವಸ್ಥೆಯನ್ನು ನಿಯಂತ್ರಿಸಲು ಸಾಧ್ಯವೇ ಎಂದು ಪರೀಕ್ಷಿಸಲು ಪಠ್ಯಪುಸ್ತಕಗಳು, ವ್ಯವಸ್ಥೆಯ ಸ್ಥಿತಿ ಮಾತೃಕೆ A, ಒಳಹರಿವಿನ ಮಾತೃಕೆ B ಎಂದಿಟ್ಟುಕೊಂಡು, B, AB, A²B ಮುಂತಾದ ಮಾತೃಕೆಗಳನ್ನು ಸಾಲಾಗಿ ಜೋಡಿಸುವ ವಿಧಾನವನ್ನು ಹೇಳುತ್ತವೆ. ಘಾತ ಏರಿದಂತೆ ಇವುಗಳ ಕಂಬಸಾಲುಗಳು ಒಂದೇ ದಿಕ್ಕಿಗೆ ವಾಲತೊಡಗುತ್ತವೆ. ಸುಮಾರು 16 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುವ ಗಣಕಕ್ಕೆ ಅವುಗಳ ನಡುವಿನ ವ್ಯತ್ಯಾಸ ಕಾಣದೆ ಹೋಗಿ ತೀರ್ಪು ತಪ್ಪಬಹುದು. ದೋಷವನ್ನು ಹಿಗ್ಗಿಸದ ಲಂಬಕೋನೀಯ ರೂಪಾಂತರಗಳೇ ಇದಕ್ಕೆ ಪರಿಹಾರ.

1970ರ ದಶಕದ ಐಸ್‌ಪ್ಯಾಕ್, ಲಿನ್‌ಪ್ಯಾಕ್ ಸಂಗ್ರಹಗಳು ಈ ತಂತ್ರಗಳನ್ನು ಎಲ್ಲರ ಕೈಗೆಟುಕಿಸಿದವು. ನಿಯಂತ್ರಣ ವಿನ್ಯಾಸದಲ್ಲಿ ಬರುವ ಮಾತೃಕೆ ಸಮೀಕರಣಗಳ ಪೈಕಿ, 1972ರಲ್ಲಿ ಬಾರ್ಟೆಲ್ಸ್ ಮತ್ತು ಸ್ಟೀವರ್ಟ್ ಸಿಲ್ವೆಸ್ಟರ್ ಸಮೀಕರಣಕ್ಕೆ, 1979ರಲ್ಲಿ ಆಲನ್ ಲಾಬ್ ರಿಕಾಟಿ ಸಮೀಕರಣಕ್ಕೆ, 1982ರಲ್ಲಿ ಸ್ವೆನ್ ಹ್ಯಾಮರ್‌ಲಿಂಗ್ ಲ್ಯಾಪುನೊವ್ ಸಮೀಕರಣಕ್ಕೆ ಭದ್ರವಾದ ವಿಧಾನಗಳನ್ನು ಕೊಟ್ಟರು.

ಉಗಮ ಮತ್ತು ವಿಸ್ತರಣೆ

ಬ್ರಿಟನ್ನಿನ ಸ್ಲೈಸ್, ನೆದರ್‌ಲ್ಯಾಂಡ್ಸ್‌ನ ಸೈಕಾಟ್ ಎಂಬ ಸಂಗ್ರಹಗಳ ಅನುಭವವನ್ನು ಒಗ್ಗೂಡಿಸಿ, ಬೆನೆಲಕ್ಸ್ ದೇಶಗಳ ತಂತ್ರಾಂಶ ಕಾರ್ಯತಂಡವೂ ನ್ಯಾಗ್ ಸಂಸ್ಥೆಯೂ 1990ರಲ್ಲಿ ಸ್ಲೈಕಾಟ್‌ನ ಮೊದಲ ಆವೃತ್ತಿಯನ್ನು ಹೊರತಂದವು. 1998ರಲ್ಲಿ ಐರೋಪ್ಯ ಒಕ್ಕೂಟದ ನೆರವಿನಿಂದ ನೈಕೊನೆಟ್ ಎಂಬ ಸಂಶೋಧಕರ ಜಾಲ ಆರಂಭವಾಯಿತು. ಪಾಲ್ ವಾನ್ ಡೂರೆನ್, ಸಬೀನ್ ವಾನ್ ಹಫೆಲ್, ಫೋಲ್ಕರ್ ಮೇಹರ್‌ಮನ್, ಪೀಟರ್ ಬೆನ್ನರ್, ವಾಸಿಲೆ ಸಿಮಾ, ಆಂದ್ರಾಸ್ ವರ್ಗ ಮೊದಲಾದವರ ಶ್ರಮದಿಂದ ಸಂಗ್ರಹವು 1992ರಲ್ಲಿ ಬಂದಿದ್ದ ಲ್ಯಾಪ್ಯಾಕ್ ಎಂಬ ಮಾತೃಕೆ ಲೆಕ್ಕಾಚಾರಗಳ ಸಂಗ್ರಹದ ತಳಹದಿಗೆ ಸಾಗಿತು.

ರಚನೆ

ಪ್ರತಿ ಸಬ್‌ರುಟೀನ್‌ನ ಹೆಸರೇ ಅದರ ವಿಳಾಸ. ಅದರ ಮೊದಲ ಅಕ್ಷರ ವಿಭಾಗವನ್ನು ಹೇಳುತ್ತದೆ: 'ಎ' ವಿಶ್ಲೇಷಣೆಗೆ, 'ಐ' ಮಾದರಿ ಗುರುತಿಸುವಿಕೆಗೆ, 'ಎಸ್' ವಿನ್ಯಾಸಕ್ಕೆ, 'ಟಿ' ರೂಪಾಂತರಕ್ಕೆ. ರಿಕಾಟಿ ಸಮೀಕರಣವನ್ನು ಬಿಡಿಸುವ ಎಸ್‌ಬಿ02ಎಂಡಿಯನ್ನೇ ತೆಗೆದುಕೊಳ್ಳೋಣ. n ಸ್ಥಿತಿಗಳಿರುವ ವ್ಯವಸ್ಥೆಗೆ ಅದು 2n × 2n ಗಾತ್ರದ ಮಾತೃಕೆಯನ್ನು ಕಟ್ಟುತ್ತದೆ. ಅದನ್ನು ಷೂರ್ ರೂಪಕ್ಕೆ ತಂದು, ಸ್ಥಿರ ಐಗನ್ ಮೌಲ್ಯಗಳನ್ನು ಮೇಲಕ್ಕೆ ಸರಿಸಿ, ಅಲ್ಲಿಂದ ಉತ್ತರವನ್ನು ಪಡೆಯುತ್ತದೆ. ಉತ್ತರದ ಜೊತೆಗೆ 'ಆರ್‌ಕಾಂಡ್' ಎಂಬ ಇನ್ನೊಂದು ಸಂಖ್ಯೆಯನ್ನೂ ಒಪ್ಪಿಸುತ್ತದೆ. ಅದು ಸೊನ್ನೆಗೆ ಹತ್ತಿರವಿದ್ದರೆ ಉತ್ತರವನ್ನು ನಂಬುವಂತಿಲ್ಲ. ಲೆಕ್ಕ ನಡುವೆಯೇ ಮುರಿದುಬಿದ್ದರೆ, ಯಾವ ಹಂತದಲ್ಲಿ ಹಾಗಾಯಿತೆಂಬುದನ್ನು 'ಇನ್ಫೋ' ಎಂಬ ಸಂಕೇತಸಂಖ್ಯೆ ಸೂಚಿಸುತ್ತದೆ.

ಪ್ರಭಾವ

ಮ್ಯಾಟ್‌ಲ್ಯಾಬ್‌ನ ನಿಯಂತ್ರಣ ಪರಿಕರಗಳು, ಸೈಲ್ಯಾಬ್, ಆಕ್ಟೇವ್ ಇವೆಲ್ಲ ಸ್ಲೈಕಾಟ್‌ನ ಸಬ್‌ರುಟೀನ್‌ಗಳನ್ನು ಬಳಸಿಕೊಂಡಿವೆ. ಪೈಥಾನ್ ಬಳಕೆದಾರರಿಗೆ ಅದು ಹೊಸ ಸಂಗ್ರಹವಾಗಿ ಅಲ್ಲ, ಹಳೆಯ ಫೋರ್‌ಟ್ರಾನ್ ಸಂಕೇತಕ್ಕೇ ತೊಡಿಸಿದ ಹೊದಿಕೆಯ ಮೂಲಕ ದೊರೆಯುತ್ತದೆ. ಈಗ ಮೂಲ ಸಂಕೇತವು ಬಿಎಸ್‌ಡಿ ಪರವಾನಗಿಯಡಿ ಮುಕ್ತವಾಗಿದೆ. ಭಾಷೆಗಳು ಬದಲಾದರೂ ಒಮ್ಮೆ ಎಚ್ಚರದಿಂದ ಬರೆದು ಪರೀಕ್ಷಿಸಿದ ಲೆಕ್ಕವನ್ನು ಮತ್ತೆ ಬರೆಯಬೇಕಾಗಿ ಬಂದಿಲ್ಲ. ಹಂಚಿಕೊಂಡ ಸಂಗ್ರಹದಿಂದ ನಿಯಂತ್ರಣ ವಿಜ್ಞಾನಕ್ಕೆ ಆದ ದೊಡ್ಡ ಲಾಭ ಇದೇ.