ಹಳೆ ಡೀಸೆಲ್ ಕಾರಿಗೆ ರೀಮ್ಯಾಪ್ ಮಾಡಿಸಿದರೆ ಇಂಜಿನ್‌ಗೆ ಏನೂ ಆಗುವುದಿಲ್ಲವೇ?

ಹೇಳಿಕೆ: ಸೆಕೆಂಡ್ ಹ್ಯಾಂಡ್ ಡೀಸೆಲ್ ಸ್ವಿಫ್ಟ್ ಕೊಂಡು ರೀಮ್ಯಾಪ್ ಮಾಡಿಸಿ. ಪವರ್, ಮೈಲೇಜ್ ಎರಡೂ ಹೆಚ್ಚುತ್ತವೆ, ಇಂಜಿನ್‌ಗೆ ಏನೂ ಆಗಲ್ಲ.

ಸತ್ಯಾಂಶ: ಇದು ಅರ್ಧ ಸತ್ಯ. ಈ 1248 ಸಿಸಿ ಇಂಜಿನ್‌ಗೆ ಕಂಪನಿ ನಿಗದಿಪಡಿಸಿದ್ದು 75 ಪಿಎಸ್ ಪವರ್, 190 ಎನ್‌ಎಂ ಟಾರ್ಕ್. ರೀಮ್ಯಾಪ್‌ನಲ್ಲಿ ಸಾಫ್ಟ್‌ವೇರ್ ಬದಲಿಸಿ ಟರ್ಬೊ ಒತ್ತಡ, ಡೀಸೆಲ್ ಪ್ರಮಾಣ ಎರಡನ್ನೂ ಏರಿಸುತ್ತಾರೆ. ಪವರ್ ಹೆಚ್ಚುತ್ತದೆ. ಆದರೆ ಅದನ್ನು ಪೂರ್ತಿ ಬಳಸಿದರೆ ಡೀಸೆಲ್ ಖರ್ಚೂ ಹೆಚ್ಚು. ಲಕ್ಷಾಂತರ ಕಿ.ಮೀ. ಓಡಿ ಸವೆದ ಟರ್ಬೊ, ಕ್ಲಚ್‌ಗಳ ಮೇಲೆ ಇನ್ನಷ್ಟು ಹೊರೆ ಬೀಳುತ್ತದೆ.

ಕೊಳ್ಳುವ ಮುನ್ನ: ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ನೋಡಿ. ನೀಲಿ ಹೊಗೆ ನಿಲ್ಲದೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ, ಟರ್ಬೊ ಸೀಲ್ ಹೋಗಿರಬಹುದು. ದಟ್ಟ ಕಪ್ಪು ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಸರ್ವೀಸ್ ದಾಖಲೆ ಕೇಳಿ.

ನೆನಪಿಡಿ: ವಿಮಾ ಕಂಪನಿಗೆ ತಿಳಿಸದೆ ರೀಮ್ಯಾಪ್ ಮಾಡಿಸಿದರೆ ಕ್ಲೇಮ್ ತಿರಸ್ಕೃತವಾಗಬಹುದು. ಮೊದಲು ಆಯಿಲ್, ಫಿಲ್ಟರ್, ಕ್ಲಚ್ ಸರಿಪಡಿಸಿ.