ಸಂಘ-ಸಂಸ್ಥೆಗಳಲ್ಲಿ ತಂತ್ರಾಂಶ ಮತ್ತು ಪರವಾನಗಿಗಳ ನಿರ್ವಹಣೆ

ಸಂಘವೊಂದರ ಆಸ್ತಿಪಟ್ಟಿಯಲ್ಲಿ ಕುರ್ಚಿ, ಕಪಾಟು, ಧ್ವನಿವರ್ಧಕಗಳಿಗೆ ಸ್ಥಾನವಿರುತ್ತದೆ. ಗಣಕದೊಳಗಿನ ತಂತ್ರಾಂಶಕ್ಕೆ ಸ್ಥಾನವಿರುವುದು ವಿರಳ. ಕಾಚಿಗುಡದಿಂದ ಶಂಶಾಬಾದಿನವರೆಗೆ ಹೈದರಾಬಾದಿನ ಉದ್ದಗಲಕ್ಕೂ ನೆಲೆಸಿರುವ ಕನ್ನಡಿಗರು ಸಂಘದ ಬರವಣಿಗೆಯನ್ನು ತಮ್ಮ ಮನೆಯ ಗಣಕಗಳಲ್ಲಿಯೇ ನಡೆಸುವುದಾದರೆ, ಪದಾಧಿಕಾರಿ ಬದಲಾದಾಗ ತಂತ್ರಾಂಶ, ಪರವಾನಗಿ, ಕಡತಗಳೆಲ್ಲವೂ ಅವರೊಡನೆಯೇ ಹೊರಟುಹೋಗುವ ಸಂಭವವುಂಟು.

ಪರವಾನಗಿ ಮತ್ತು ಕಾನೂನು

ತಂತ್ರಾಂಶವನ್ನು ಕೊಂಡಾಗ ಸಾಮಾನ್ಯವಾಗಿ ದೊರೆಯುವುದು ಒಡೆತನವಲ್ಲ, ಬಳಸುವ ಅನುಮತಿ ಮಾತ್ರ. ಎಷ್ಟು ಗಣಕಗಳಲ್ಲಿ, ಎಷ್ಟು ಕಾಲ ಬಳಸಬಹುದೆಂಬುದನ್ನು ಪರವಾನಗಿಯೇ ನಿಗದಿಪಡಿಸುತ್ತದೆ. 1957ರ ಕೃತಿಸ್ವಾಮ್ಯ ಅಧಿನಿಯಮವು ಗಣಕದ ಕ್ರಮವಿಧಿಯನ್ನೂ ಸಾಹಿತ್ಯಕೃತಿಯೆಂದೇ ಪರಿಗಣಿಸುತ್ತದೆ. ಕಳ್ಳನಕಲೆಂದು ತಿಳಿದೂ ಬಳಸಿದವರಿಗೆ 63ಬಿ ಪ್ರಕರಣದಡಿ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವುಂಟು. ಲಾಭದ ಅಥವಾ ವ್ಯಾಪಾರದ ಉದ್ದೇಶವಿಲ್ಲದಿದ್ದಲ್ಲಿ ನ್ಯಾಯಾಲಯವು 50 ಸಾವಿರದವರೆಗಿನ ದಂಡವನ್ನಷ್ಟೇ ವಿಧಿಸಬಹುದು. ಆದರೂ ಅಪರಾಧವು ಅಪರಾಧವೇ. ಸಕ್ರಮವಾಗಿ ಪಡೆದ ಪ್ರತಿಗೆ ನಷ್ಟದ ಭಯದಿಂದ ಕಾಪುಪ್ರತಿ ಮಾಡಿಟ್ಟುಕೊಳ್ಳಲು ಅದೇ ಅಧಿನಿಯಮವು ಅವಕಾಶ ನೀಡಿದೆ.

ಉಚಿತವೆಲ್ಲ ಮುಕ್ತವಲ್ಲ

1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ' ಆರಂಭದಲ್ಲಿ ಉಚಿತವಾಗಿದ್ದು, ಅನಂತರದ ಆವೃತ್ತಿಗಳಿಗೆ ಬೆಲೆ ನಿಗದಿಯಾಯಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಉಚಿತವಾಗಿ ದೊರೆಯುತ್ತದೆ. 'ಲೋಹಿತ್ ಕನ್ನಡ'ದಂತಹ ಅಕ್ಷರವಿನ್ಯಾಸಗಳಾದರೋ ಮುಕ್ತ ಪರವಾನಗಿಯವು; ಅವನ್ನು ಹಂಚಲೂ ಮಾರ್ಪಡಿಸಲೂ ಅನುಮತಿಯಿದೆ. ಆದ್ದರಿಂದ ಹಣ ಕೊಡದೆ ಪಡೆದ ತಂತ್ರಾಂಶದ ನಿಬಂಧನೆಗಳನ್ನೂ ಓದಿ ಇಟ್ಟುಕೊಳ್ಳತಕ್ಕದ್ದು.

ಹಳೆಯ ಕಡತಗಳು

ಕನ್ನಡ ಲಿಪಿಯು 1991ರಲ್ಲಿಯೇ ಯೂನಿಕೋಡ್ ಸೇರಿದ್ದರೂ ನಮ್ಮ ಬರವಣಿಗೆ ಬಹುಕಾಲ ಆಯಾ ತಂತ್ರಾಂಶದ ಸ್ವಂತ ಸಂಕೇತಗಳಲ್ಲಿಯೇ ನಡೆಯಿತು. ಅಂತಹ ಸ್ಮರಣಸಂಚಿಕೆಯನ್ನು ಅದರ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಅನುಮತಿಯೋ ಅಕ್ಷರವೋ ಕೈಬಿಟ್ಟರೆ ಸಂಘದ ನೆನಪೇ ಕೈಬಿಟ್ಟಂತೆ.

ದಾಖಲೆ ಪುಸ್ತಕ

ಪ್ರತಿಯೊಂದು ತಂತ್ರಾಂಶಕ್ಕೂ ಈ ವಿವರಗಳನ್ನು ಬರೆದಿಡಬೇಕು:

1. ಹೆಸರು, ಆವೃತ್ತಿ, ಅಳವಡಿಸಿದ ಗಣಕ
2. ಪರವಾನಗಿಯ ಬಗೆ, ಸಂಖ್ಯೆ, ರಸೀದಿ, ಮುಕ್ತಾಯದ ದಿನಾಂಕ
3. ಪರವಾನಗಿ ಸಂಘದ ಹೆಸರಿನಲ್ಲಿದೆಯೋ ವ್ಯಕ್ತಿಯ ಹೆಸರಿನಲ್ಲಿದೆಯೋ
4. ತಯಾರಕರ ಬೆಂಬಲದ ಅವಧಿ (ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು)
5. ಕಡತಗಳ ಲಿಪಿಸಂಕೇತ, ಯೂನಿಕೋಡಿಗೆ ಪರಿವರ್ತಿಸಿ, ತಿದ್ದಿ ಉಳಿಸಿದ ಪ್ರತಿ ಇರುವ ಸ್ಥಳ

ವರ್ಷಕ್ಕೊಮ್ಮೆ, ಸರ್ವಸದಸ್ಯರ ಸಭೆಗೆ ಮುನ್ನ, ಲೆಕ್ಕಪತ್ರದೊಡನೆ ಈ ಪುಸ್ತಕವನ್ನೂ ಪರಿಶೀಲಿಸಿ ಹೊಸ ಪದಾಧಿಕಾರಿಗಳಿಗೆ ಒಪ್ಪಿಸುವುದು ಒಳ್ಳೆಯದು.